ಮೇಲಿನಂತೆ

ಜಲಾಶಯದ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಅಕ್ಕನ ಅಕ್ಷರ ಮುತ್ತಿನಂಥದು. ಎಡವಟ್ಟಾದದ್ದು ಅಕ್ಷರದಿಂದಲ್ಲ, ಸೋಮಾರಿತನದಿಂದ. ನೀರಿನಲ್ಲಿ, ದಂಡೆಯಲ್ಲಿ ಹೊಸದಾಗಿ ಏನೇ ಕಂಡರೂ ಆ ದಿನದ ಸರದಿಯ ಗುಮಾಸ್ತರು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡಬೇಕಿತ್ತು. ಹೋದ ವರ್ಷ ಅವಳ ಸರದಿಯಂದು ನೀಲಿ ಹುಲಿ ಚಿಟ್ಟೆಗಳು ಹಿಂಡುಗಟ್ಟಿ ಬಂದಾಗ ‘ವಲಸೆ ಬಂದದ್ದು, ತಾನಾಗಿಯೇ ಹೋಗುತ್ತದೆ’ ಎಂದು ಬರೆದಳು. ಅದೇ ದಿನ ಮೂಲೆಯಲ್ಲಿ ಅಂಗೈಯಗಲದ ಅಂತರಗಂಗೆ ಗಿಡವೊಂದು ತೇಲುತ್ತಿತ್ತು. ಅದರ ಸಾಲಿಗೆ ಬರುವ ಹೊತ್ತಿಗೆ ಚಹಾ ಆರುತ್ತಿತ್ತು. ‘ಮೇಲಿನಂತೆ’ ಎಂದು ಗೀಚಿ ಎದ್ದಳು.

ಚಿಟ್ಟೆಗೂ ಆ ಗಿಡಕ್ಕೂ ಎಲ್ಲಿಯ ಮೇಲಿನಂತೆ! ಹೆಸರಿನಲ್ಲಿ ಹುಲಿಯನ್ನಿಟ್ಟುಕೊಂಡದ್ದು ತಿಂಗಳೊಳಗೆ ಸದ್ದಿಲ್ಲದೆ ಹೊರಟುಹೋಯಿತು. ಹೆಸರಿನಲ್ಲಿ ಗಂಗೆಯನ್ನಿಟ್ಟುಕೊಂಡದ್ದು ಪಕ್ಕಪಕ್ಕದಲ್ಲೇ ಮರಿ ಹಾಕುತ್ತ, ಕೆಳಗೆ ಬೇರು ಹೆಣೆಯುತ್ತ ಅರ್ಧ ಜಲಾಶಯ ನುಂಗಿತು. ಗಿಡ ತೆಗೆಯುವ ಯಂತ್ರ ಬೇಕೆಂದು ಜಲಾಶಯದ ನೀರೆತ್ತುವ ಪಂಪಿನವರು ಕೇಳಿದಾಗ ಸಾಹೇಬರು ಪುಸ್ತಕ ತೆರೆದು, “ತಾನಾಗಿಯೇ ಹೋಗುತ್ತೆ ಅಂತ ಇದೆಯಲ್ರೀ” ಎಂದರು. ಅಕ್ಕ ಅಲ್ಲೇ ನಿಂತಿದ್ದಳು. ತಪ್ಪು ನನ್ನದು ಎನ್ನದೆ ಪುಸ್ತಕ ಎತ್ತಿಕೊಂಡು ತನ್ನ ಮೇಜಿಗೆ ಹೋದಳು.

ಪಂಪಿನ ಜಾಲರಿಗೆ ಸುತ್ತಿಕೊಂಡ ಬೇರು ಬಿಡಿಸಲು ಈಗ ದಿನವೂ ಮುಳುಗುವವನು ಅವಳ ಸ್ವಂತ ತಮ್ಮ. ಈ ಬೆಳಗ್ಗೆ ಹಗ್ಗ ಹಿಡಿಯುವವನು ಬರದಿದ್ದುದರಿಂದ ಅಕ್ಕನೇ ದಂಡೆಗೆ ಬಂದಳು.

“ಯಾವ ಪುಣ್ಯಾತ್ಮ ಬರೆದನೋ, ತಾನಾಗಿಯೇ ಹೋಗುತ್ತೆ ಅಂತ! ಸಿಕ್ಕಿದ್ರೆ ಮೊದಲು ಅವನನ್ನ ಮುಳುಗಿಸ್ತೀನಿ,” ಎಂದು ನಗುತ್ತ ತಮ್ಮ ಪಂಪು ನಿಲ್ಲಿಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡ.

“ಇವತ್ತು ಬೇಡ ಕಣೋ. ನಿಂಗೊಂದು ಮಾತು ಹೇಳ್ಬೇಕು.”

“ಮೇಲೆ ಬಂದ್ಮೇಲೆ ಹೇಳಕ್ಕ. ಒಂದ್ಸಲ ಜಗ್ಗಿದ್ರೆ ಚೆನ್ನಾಗಿದೀನಿ ಅಂತ. ಎರಡ್ಸಲ ಜಗ್ಗಿದ್ರೆ ಎಳ್ಕೋ. ನನ್ನ ಉಸಿರು ತೊಂಬತ್ತು ಎಣಿಸೋವರೆಗೂ ಬರುತ್ತೆ, ಹೆದರ್ಬೇಡ.”

ಹಸಿರನ್ನು ಕೈಯಿಂದ ಸರಿಸಿ ಇಳಿದ. ಅವನಿಳಿದ ಜಾಗ ನೋಡನೋಡುತ್ತಲೇ ಮುಚ್ಚಿಕೊಂಡಿತು. ಈ ವರ್ಷದ ಚಿಟ್ಟೆಗಳು ಆ ಎಲೆಗಳ ಮೇಲೇ ಕುಳಿತಿದ್ದವು. ದೂರದಿಂದ ನೋಡಿದವರಿಗೆ ಹೂದೋಟವೇ ಸರಿ.

ಮೂವತ್ತಕ್ಕೆ ಹಗ್ಗ ಒಮ್ಮೆ ಜಗ್ಗಿತು. ಮೇಲೆ ಬಂದೊಡನೆ ಹೇಳಿಬಿಡುತ್ತೇನೆ, ಬೈದರೆ ಬೈಯಲಿ ಎಂದುಕೊಂಡಳು. ಅರವತ್ತು. ತೊಂಬತ್ತು. ನೂರಾದಾಗ ಇನ್ನು ಕಾಯಲಾರದೆ ತಾನೇ ಎಳೆದಳು. ಹಗ್ಗ ಬರಲಿಲ್ಲ. ಮೈಭಾರವನ್ನೆಲ್ಲ ಹಾಕಿ ಎಳೆದಳು. ಕೆಳಗೆ ಬೇರುಗಳು ಬಿಗಿಯಾಗಿ ಹಿಡಿದುಕೊಂಡಿದ್ದವು.

“ನಾನೇ ಕಣೋ ಅದನ್ನ ಬರೆದಿದ್ದು!” ಎಂದು ನೀರಿಗೆ ಕೂಗಿದಳು. “ನಾನೇ ಕಣೋ, ಬಾರೋ ಮೇಲೆ!”

ಕೂಗಿಗೆ ಬೆದರಿ ಚಿಟ್ಟೆಗಳೆಲ್ಲ ಎದ್ದು ಹಾರಿಹೋದವು. ಅಂತರಗಂಗೆ ಅಲ್ಲೇ ಇತ್ತು.