ತಿಮ್ಮನ ದೋಟಿ

ಸತ್ತ ಅಪ್ಪ ತಿಮ್ಮನ ಚಾಪೆಯನ್ನು ವನಜ ಸುರುಳಿ ಸುತ್ತುತ್ತಿದ್ದಳು. ತಲೆದಿಂಬು, ಎರಡು ಲುಂಗಿ, ಒಂದು ಖಾಕಿ ಚಡ್ಡಿ. ಎಲ್ಲವನ್ನೂ ಒಳಗಿಟ್ಟು ಹಗ್ಗ ಬಿಗಿದಳು. ಹೆಣ ಸುಟ್ಟು ಬಂದವರು ಆ ಗಂಟಿಗಾಗಿ ಅಂಗಳದಲ್ಲಿ ಕಾದಿದ್ದರು. ಗೋಡೆಗೆ ಒರಗಿದ್ದ ಬಿದಿರ ದೋಟಿಯ ಕೊಕ್ಕೆಯಲ್ಲಿ ಯಾರದೋ ಸೀರೆಯ ಕೆಂಪಂಚು ಇನ್ನೂ ಸಿಕ್ಕಿಕೊಂಡಿತ್ತು.

"ಗಂಟ್ ಆಯ್ತಾ ಹೆಣ್ಣೆ?" ನೆರೆಮನೆಯ ಬಾಗಿ ಕೇಳಿದಳು. "ಸತ್ತವ್ರ ಹಾಸಿಗಿ ಮನೀಲಿ ಇಡುಕಾಗ. ಬೇಗ ಹೊಳಿಗೆ ಬಿಡ್ಲಿ."

"ಅಪ್ಪಯ್ಯ ಹೊಳಿಗೆ ಬ್ಯಾಡ ಅಂದಿದ್ರ್. ತೆಂಗಿನ ಬುಡಕ್ಕೆ ಹುಗಿಲಿ ಅಂದಿದ್ರ್." ವನಜ ತಲೆಯೆತ್ತಲಿಲ್ಲ.

"ನಮ್ಮಜ್ಜಿ ಹಾಸಿಗಿ ಬಿಟ್ಟ್ ಮನಿಗ್ ಬಪ್ಪುದ್ರೊಳಗೆ ತಿಮ್ಮ ಅದನ್ನ ದಡಕ್ಕೆ ಹಾಕಿದ್ದ ಮಾರಾಯ್ರೆ!" ಅಂದ ಅಂಗಳದಲ್ಲಿದ್ದ ಸೂರ. ಇಬ್ಬರು ನಕ್ಕು, ಎಲ್ಲಿದ್ದೇವೆಂದು ನೆನಪಾಗಿ ಸುಮ್ಮನಾದರು.

ಊರ ಹಿರೀಕ ಅಣ್ಣಯ್ಯ ನಗಲಿಲ್ಲ. "ಹೊಳಿ ಅಮ್ಮಂಗೆ ಬಿಟ್ಟದ್ನ ಹನ್ನೆರಡ್ ವರ್ಷ ವಾಪಾಸ್ ತೆಗ್ದ. ಕಡಿಗೆ ಎಂತ ಆಯ್ತ್? ಕಾಲಿಗೇ ತಾಗಿತ್. ಅವ್ನ್ ಗಂಟಾದ್ರೂ ಅಮ್ಮಂಗೆ ಮುಟ್ಲಿ."

*

ವನಜ ಶಾಲೆ ಬಿಟ್ಟ ವರ್ಷ ಅಪ್ಪನ ಜೊತೆ ಸ್ನಾನಘಟ್ಟಕ್ಕೆ ಹೋಗತೊಡಗಿದಳು. ಬೇಸಿಗೆಯಲ್ಲಿ ಹೊಳೆ ಹರಿಯುವುದೇ ನಿಂತು, ಶ್ಯಾಂಪೂ ಪ್ಯಾಕೇಟು, ಕೊಳೆತ ಹಾರ, ಸತ್ತವರ ದಿಂಬುಗಳು ಮೆಟ್ಟಿಲಿಗೆ ಬಡಿಯುತ್ತಿದ್ದವು. ಬಿಟ್ಟವರ ಎದುರು ತಿಮ್ಮ ಏನನ್ನೂ ಮುಟ್ಟುತ್ತಿರಲಿಲ್ಲ. ಅವರು ಮೆಟ್ಟಿಲು ಹತ್ತಿ ತಿರುವಿನಲ್ಲಿ ಮರೆಯಾಗುವವರೆಗೂ ಕಾದು, ನೀರಿಗೆ ಕೈಮುಗಿಯುತ್ತಿದ್ದ.

"ಅಮ್ಮಾ, ನಿಂಗ್ ಮುಟ್ಟಿತಲ್ದಾ? ಇನ್ನ್ ನಾ ತೆಗಿತೆ."

ದೋಟಿಯಲ್ಲಿ ಎಳೆದ ಹೂವು ತೆಂಗಿನ ಬುಡಕ್ಕೆ, ಬಟ್ಟೆ ಗುಂಡಿಗೆ. ದೇವರ ಹಳೆಯ ಪಟಗಳಿಗೆ ಮಾತ್ರ ದೋಟಿ ತಾಗಿಸುತ್ತಿರಲಿಲ್ಲ. "ದೇವ್ರಿಗೆ ಕೊಕ್ಕಿ ಹಾಕುದಾ?" ಎಂದು ತಾನೇ ನೀರಿಗಿಳಿದು ಎರಡೂ ಕೈಯಲ್ಲಿ ಎತ್ತಿ ತರುತ್ತಿದ್ದ.

ಹಾಗೆ ಇಳಿದಾಗಲೇ ಒಡೆದ ಪಟದ ಗಾಜು ಹಿಮ್ಮಡಿಗೆ ಹೊಕ್ಕದ್ದು. ಕಾಲು ಕಪ್ಪಾಯಿತು. ಹತ್ತು ದಿನ ನರಳಿದ.

*

"ನಾ ಅಪ್ಪಯ್ಯಂಗೆ ಹ್ಞೂಂ ಅಂದಿದ್ದೆ ಅಣ್ಣ," ಅಂದಳು ವನಜ.

ಅವಳ ಅಣ್ಣ ರತ್ನಾಕರ ಗಂಟಿಗೆ ಕೈಹಾಕಿದ. "ಹೊಳಿಗೆ ಬಿಡ್ದಿದ್ರೆ ಬೊಜ್ಜದ ದಿನ ಅಪ್ಪಯ್ಯನ ತಿಥಿ ಊಟಕ್ಕೆ ಒಬ್ರೂ ಬಪ್ಪುದಿಲ್ಲ. ಆಗ ಎಂತ ಮಾಡ್ತೆ?"

ಅವನು ಗಂಟು ಹೊತ್ತು, ದೋಟಿಯನ್ನೂ ಹಿಡಿದು ಉಳಿದವರೊಡನೆ ಹೊಳೆಗೆ ಹೊರಟ. ವನಜ ಅವರ ಹಿಂದೆಯೇ ನಡೆದಳು.

ಗಂಟು ನೀರಿಗೆ ಬಿದ್ದು, ಅಲ್ಲೇ ಒಂದು ಸುತ್ತು ತಿರುಗಿ, ಮೆಟ್ಟಿಲಿಗೇ ಬಂತು. ರತ್ನಾಕರ ಅಪ್ಪನ ದೋಟಿಯಿಂದಲೇ ಅದನ್ನು ನಡುಹೊಳೆಗೆ ನೂಕಿದ. ಮತ್ತೆ ಬಂತು. ಮತ್ತೆ ನೂಕಿದ. ಹಗ್ಗ ಸಡಿಲಿ ಲುಂಗಿ ನೊರೆಯ ಮೇಲೆ ಹರಡಿಕೊಂಡಿತು.

"ಸಾಕ್, ಮುಟ್ಟಿತ್," ಅಂದ ಅಣ್ಣಯ್ಯ, ಮೂಗಿಗೆ ಪಂಚೆಯ ತುದಿ ಹಿಡಿದು. "ಮೀವುದ್ ಮನಿ ಬಾವಿ ನೀರಗೆ ಆಯ್ಲಿ. ಯಾರೂ ತಿರ್ಗಿ ಕಾಂಬುಕಾಗ."

ಎಲ್ಲರೂ ಮೆಟ್ಟಿಲು ಹತ್ತಿದರು. ದೋಟಿ ರತ್ನಾಕರನ ಹೆಗಲ ಮೇಲಿತ್ತು. ವನಜ ಕೆಳಗಿನ ಮೆಟ್ಟಿಲಲ್ಲಿ ನಿಂತು ನೀರಿಗೆ ಕೈಮುಗಿದಳು.

"ಅಣ್ಣಾ, ಆ ದೋಟಿ ಒಂಚೂರ್ ಕೊಡ್."