ದೇವೀರಕ್ಕನ ತಲೆಯ ಮೇಲಿನ ಆಣೆ

ನಮ್ಮ ಹಿತ್ತಿಲ ತಂತಿಯ ಮೇಲೆ ದಿನವೂ ನಾಲ್ಕು ಬಿಳಿ ಪಟ್ಟಿಗಳು ಒಣಗುತ್ತಿದ್ದವು. ಹಳೆಯ ಪಂಚೆಗಳನ್ನು ಉದ್ದಕ್ಕೆ ಸೀಳಿ ಮಾಡಿದವು. ಎಷ್ಟು ಕುದಿಸಿ ಒಗೆದರೂ ನಡುವೆ ಒಂದು ಕಂದು ಕಲೆ ಉಳಿದೇ ಇರುತ್ತಿತ್ತು. ನನ್ನ ಅಕ್ಕ ದೇವೀರಮ್ಮ ಬೆಳಿಗ್ಗೆ ಎದ್ದವಳೇ ಜೋತುಬಿದ್ದ ಹೊಟ್ಟೆಯ ಚರ್ಮವನ್ನು ಎರಡೂ ಕೈಯಿಂದ ಎತ್ತಿ, ಅದರಡಿಗೆ ಒಂದು ಪಟ್ಟಿ ಕೊಟ್ಟು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದಳು. ಸೀರೆ ಉಡುವುದು ಆಮೇಲೆ.

ಅಕ್ಕ ಬಾಣಂತಿಯರ ಮನೆಗಳಿಗೆ ಹೋಗಿ ಎಳೆಗೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವಳು. ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡರೆ ಅವಳಿಗೆ ಲೋಕದ ಪರಿವೆಯೇ ಇರುತ್ತಿರಲಿಲ್ಲ. ಮಕ್ಕಳಿಲ್ಲದೆ ಗಂಡನನ್ನು ಕಳೆದುಕೊಂಡು ನನ್ನ ಮನೆಗೆ ಬಂದವಳು. "ಊರಲ್ಲಿ ಅರ್ಧ ಜನ ನನ್ನ ಕಾಲ್ ಮೇಲೆ ಉಚ್ಚೆ ಹುಯ್ದೋರೇ ಕಣೋ. ಈಗ ಮೀಸೆ ತಿರುವ್ಕೊಂಡು ಓಡಾಡ್ತವೆ" ಎಂದು ನಗುತ್ತಿದ್ದಳು.

ನಲವತ್ತು ದಾಟಿದ ಮೇಲೆ ಅವಳಿಗೆ ಸೋರಿಯಾಸಿಸ್ ಹತ್ತಿತು. ಮೊದಲು ಮೊಣಕೈ, ಆಮೇಲೆ ಹೊಟ್ಟೆಯ ಕೆಳಗೆ, ತೊಡೆಯ ಸಂದಿಯಲ್ಲಿ. ಚರ್ಮ ಕೆಂಪಗೆ ದಪ್ಪಗಾಗಿ ಹೊಟ್ಟು ಉದುರುತ್ತಿತ್ತು. ಇದು ಅಂಟುವ ರೋಗವಲ್ಲ ಎಂದು, ಔಷಧಿ ಅಂಗಡಿ ಇಟ್ಟುಕೊಂಡಿದ್ದ ನಾನು, ಬಂದವರಿಗೆಲ್ಲ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಕೂಸನ್ನು ಮಾತ್ರ ಯಾರೂ ಕೊಡಲಿಲ್ಲ.

ಅಕ್ಕ ಆಗ ನೂರಿಪ್ಪತ್ತು ಕಿಲೋ ಇದ್ದಳು. ತೂಕ ಇಳಿದರೆ ಚರ್ಮವೂ ಶಾಂತವಾದೀತು ಎಂದು ಚರ್ಮದ ಡಾಕ್ಟರು ಅಂದದ್ದೇ ತಡ, ಎರಡು ವರ್ಷದಲ್ಲಿ ಐವತ್ತೈದು ಕಿಲೋ ಇಳಿಸಿದಳು. ಹಟ ಅಂದರೆ ಅವಳದ್ದು. ಮೊಣಕೈ ವಾಸಿಯಾಯಿತು. ಆದರೆ ಹೊಟ್ಟೆಯ ಚರ್ಮ ಬರಿದಾದ ಚೀಲದ ಹಾಗೆ ತೊಡೆಯವರೆಗೆ ಇಳಿಯಿತು. ಅದರ ಮಡಿಕೆಯೊಳಗಿನ ಕೆಂಪು ಮಾತ್ರ ಹಾಗೇ ಉಳಿದು, ಬೆವರು ನಿಂತು, ಹುಣ್ಣಾಗಿ, ವಾಸನೆ ಬರುತ್ತಿತ್ತು. ಮಣೆಯ ಮೇಲೆ ಕಾಲು ಚಾಚಿ ಕೂತರೆ, ಕೂಸು ಮಲಗಬೇಕಾದ ಜಾಗದತ್ತ ಅದೇ ಜಾರಿ ಬರುತ್ತಿತ್ತು. ಅವಳು ಅಷ್ಟೊಂದು ಅತ್ತದ್ದನ್ನು ನಾನು ಭಾವ ಸತ್ತಾಗಲೂ ಕಂಡಿರಲಿಲ್ಲ.

ಡಾಕ್ಟರ್ ಇಸ್ಮಾಯಿಲ್ ಇಂಥ ಜೋತುಬಿದ್ದ ಚರ್ಮ ತೆಗೆಯುವ ಆಪರೇಷನ್ ಮಾಡುವವರು. "ಹೆಚ್ಚಿನ ಚರ್ಮ ಕತ್ತರಿಸಿ ತೆಗೆದು ಹೊಲೀಬಹುದಮ್ಮ. ಆದ್ರೆ ಮೊದ್ಲು ರೋಗ ಮೂರು ತಿಂಗಳು ಸುಮ್ಮನಿರ್ಬೇಕು. ಅದೂ ಸ್ಟೆರಾಯ್ಡ್ ಮಾತ್ರೆ ಇಲ್ದೆ. ಆ ಮಾತ್ರೆ ತಿಂದೋರ ಗಾಯ ಕೂಡ್ಕೊಳ್ಳಲ್ಲ" ಎಂದರು. ಎರಡು ಸಲ ಪರೀಕ್ಷೆ ಮಾಡಿ, ಕೆಂಪು ಇನ್ನೂ ಇದೆಯೆಂದು ಎರಡು ಸಲವೂ ವಾಪಸು ಕಳಿಸಿದರು.

ಎರಡನೆಯ ಸಲ ವಾಪಸು ಬಂದ ಮಾರನೆಯ ದಿನ, ಮಧ್ಯಾಹ್ನ ಊಟಕ್ಕೆಂದು ನಾನು ಅಂಗಡಿಯ ಬಾಗಿಲು ಎಳೆಯುತ್ತಿದ್ದಾಗ ಅಕ್ಕ ಬಂದಳು.

"ಆ ಮಾತ್ರೆ ಕೊಡು."

"ಯಾವ ಮಾತ್ರೆ?"

"ಡಾಕ್ಟ್ರು ಬೇಡ ಅಂದ್ರಲ್ಲ, ಅದೇ."

ಆಗುವುದಿಲ್ಲ ಎಂದೆ. ಅವಳು ಜಗಳವಾಡಲಿಲ್ಲ. "ಪುಟ್ಟಗೌರಿ ಬಸುರಿ. ಅವಳಿಗೆ ನೀರು ಹಾಕಿದ್ದು ನಾನು. ನಿನ್ನೆ ದಾರೀಲಿ ಸಿಕ್ಕಿದ್ಲು. ನನ್ನ ಕಂಡು ಹೊಟ್ಟೆ ಮೇಲೆ ಸೆರಗು ಎಳ್ಕೊಂಡ್ಲು ಕಣೋ" ಎಂದಳು. ನಾನು ಬಾಗಿಲು ಮತ್ತೆ ಮೇಲೆತ್ತಿ ಒಳಗೆ ಹೋಗಿ ಮಾತ್ರೆ ತಂದುಕೊಟ್ಟೆ. ನನಗೆ ಬುದ್ಧಿ ಇರಲಿಲ್ಲ ಎಂದು ಹೇಳಿಕೊಳ್ಳಲಾರೆ. ಓದಿಯೇ ಅಂಗಡಿ ಇಟ್ಟವನು ನಾನು.

ಹದಿನೈದು ದಿನದಲ್ಲಿ ಕೆಂಪು ಇಳಿಯಿತು. ತಂತಿಯ ಮೇಲಿನ ಪಟ್ಟಿಗಳಲ್ಲಿ ಕಲೆಯೇ ಕಾಣದಾಯಿತು. ಅಕ್ಕ ಅವನ್ನು ಮಡಿಸುವಾಗ ಹಾಡು ಗುನುಗುತ್ತಿದ್ದಳು. ಮೂರು ತಿಂಗಳ ಕೊನೆಯ ಪರೀಕ್ಷೆಗೆ ಹೊರಡುವ ಮುನ್ನ ನನ್ನ ಬಲಗೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು.

"ಯಾರಿಗೂ ಹೇಳಲ್ಲ ಅಂತ ಆಣೆ ಇಡು. ಹೇಳಿದ್ಯೋ, ನಾನು ಸತ್ತೆ ಅಂತ ತಿಳ್ಕೋ."

ನಮ್ಮ ಮನೆಯಲ್ಲಿ ತಲೆಯ ಮೇಲಿನ ಆಣೆ ತಮಾಷೆಯ ಮಾತಲ್ಲ. ಅಪ್ಪ ತನ್ನ ತಮ್ಮನ ತಲೆ ಮುಟ್ಟಿ ಇಟ್ಟ ಆಣೆಯನ್ನು ಮುರಿದಿದ್ದ. ಚಿಕ್ಕಪ್ಪ ತಿಂಗಳೊಳಗೆ ತೀರಿಕೊಂಡ. ಕಾಮಾಲೆ ಎಂದು ನಾನು ವಾದಿಸುತ್ತಿದ್ದೆ. ವಾದಿಸುತ್ತಲೇ ಆ ದಿನ ಆಣೆ ಇಟ್ಟೆ.

ಡಾಕ್ಟರು ಚರ್ಮ ನೋಡಿ ಮೆಚ್ಚಿದರು. ಮಾತ್ರೆ ಏನಾದರೂ ತೆಗೆದುಕೊಂಡಿರಾ ಎಂದದ್ದಕ್ಕೆ ಅಕ್ಕ ಇಲ್ಲವೆಂದಳು. ನಾನು ಪಕ್ಕದಲ್ಲೇ ಕೂತು ಗೋಡೆಯ ಕ್ಯಾಲೆಂಡರ್ ನೋಡಿದೆ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅಕ್ಕ, ಯಾರಾದರೂ ಚೀಲ ತಡಕಿಯಾರು ಎಂದು, ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿಬಿಟ್ಟಳು.

ಆಪರೇಷನ್ ಬೆಳಿಗ್ಗೆ ನಡೆಯಿತು. ಆರು ಕಿಲೋ ಚರ್ಮ ತೆಗೆದೆವು, ಎಲ್ಲ ಸರಿಯಾಯಿತು ಎಂದರು. ಮಧ್ಯಾಹ್ನ ಎರಡರ ಹೊತ್ತಿಗೆ ನರ್ಸುಗಳು ಓಡಾಡತೊಡಗಿದರು. ಡಾಕ್ಟರು ಹೊರಗೆ ಬಂದರು.

"ಬಿ.ಪಿ. ಬೀಳ್ತಾ ಇದೆ. ರಕ್ತ ಕೊಟ್ರೂ ಏರ್ತಿಲ್ಲ. ಯಾಕೇಂತ ಗೊತ್ತಾಗ್ತಿಲ್ಲ. ನೀವು ಔಷಧಿ ಬಲ್ಲೋರು, ನಮಗೆ ಹೇಳ್ದೇ ಇರೋದು ಏನಾದ್ರೂ ಇದೆಯಾ?"

ಯಾಕೆಂದು ನನಗೆ ಗೊತ್ತಿತ್ತು. ತಿಂಗಳುಗಟ್ಟಲೆ ಆ ಮಾತ್ರೆ ತಿಂದ ದೇಹ, ತಟ್ಟನೆ ನಿಲ್ಲಿಸಿದರೆ ಇಂಥ ಪೆಟ್ಟು ತಾಳಲಾರದು. ಅದನ್ನೇ ಸೂಜಿಯಲ್ಲಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿ ತೆರೆದರೆ ಅವಳು ಸಾಯುತ್ತಾಳೆ ಎನ್ನುವುದು ಎದೆಯಲ್ಲಿ ಕಲ್ಲಾಗಿ ಕೂತಿತ್ತು. "ಇಲ್ಲ" ಎಂದೆ.

ಒಂದು ಗಂಟೆ ಹತ್ತು ನಿಮಿಷ ಆ ಬೆಂಚಿನ ಮೇಲೆ ಕೂತಿದ್ದೆ. ಆಣೆಯ ಹೆಸರು ಹೇಳಿಕೊಂಡು, ಡಾಕ್ಟರ ಚೀಟಿಯಿಲ್ಲದೆ ಮಾತ್ರೆ ಕೊಟ್ಟ ನನ್ನ ಅಂಗಡಿಯನ್ನೂ ಕಾಯುತ್ತಿದ್ದೆನೇ? ಅಲ್ಲ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಬಾಗಿಲ ಸಂದಿಯಲ್ಲಿ ಅವಳ ಪಾದ ಕಂಡಿತು, ಬೂದಿಯ ಬಣ್ಣಕ್ಕೆ ತಿರುಗಿತ್ತು. ಆಗ ಎದ್ದು ಹೋಗಿ ಎಲ್ಲವನ್ನೂ ಹೇಳಿದೆ. ಡಾಕ್ಟರು ನನ್ನನ್ನು ಬೈಯಲಿಲ್ಲ, ಒಮ್ಮೆ ನೋಡಿ ಒಳಗೆ ಓಡಿದರು. ಅರ್ಧ ಗಂಟೆಯಲ್ಲಿ ಬಿ.ಪಿ. ಏರಿತು. ಆದರೆ ಅಷ್ಟರೊಳಗೆ ಮೂತ್ರಪಿಂಡಗಳು ಸೋತಿದ್ದವು. ಐದನೆಯ ದಿನ ಹೊಲಿಗೆಯ ಅಂಚು ಕಪ್ಪಾಗಿ ಬಿಟ್ಟುಕೊಂಡಿತು, ಸುತ್ತ ಹಳೆಯ ಕೆಂಪು ಮತ್ತೆ ಎದ್ದಿತು. ಹನ್ನೊಂದನೆಯ ದಿನ ಅಕ್ಕ ತೀರಿಕೊಂಡಳು.

ಅದಕ್ಕೆ ಎರಡು ದಿನ ಮುಂಚೆ, ಬೆಳಗಿನ ಹೊತ್ತು, ಅವಳಿಗೆ ಒಳ್ಳೆಯ ಎಚ್ಚರವಿತ್ತು. ನಾನು ಗಂಜಿ ಕುಡಿಸುತ್ತಿದ್ದೆ.

"ಡಾಕ್ಟ್ರಿಗೆ ನೀನು ಹೇಳ್ಲಿಲ್ಲ ತಾನೇ?" ಎಂದು ಕೇಳಿದಳು.

"ಇಲ್ಲಕ್ಕ."

ಅವಳ ಮುಖ ಹಗುರಾಯಿತು. "ಅದಕ್ಕೇ ನೋಡು, ಉಳ್ಕೊಂಡಿದೀನಿ" ಎಂದಳು.

ಇನ್ನೊಂದು ಚಮಚಕ್ಕೆ ಬಾಯಿ ತೆರೆದಳು. ನಾನು ಗಂಜಿಯನ್ನು ಊದಿ ಆರಿಸಿ ಕುಡಿಸಿದೆ.