ಡಾಕ್ಟರು ಹೇಳಿದ್ದು, ನೊಯೆಮಿ ಹೇಳಿದ್ದು

ನೀರು ಮಂಡಳಿಯ ನಿರ್ದೇಶಕ ವಾಲ್ಡ್ರನ್ ಸಭೆಗೆ ಸ್ಪ್ಯಾನಿಷ್ ದುಭಾಷಿಯನ್ನು ಕರೆತಂದಿರಲಿಲ್ಲ. ನೊಯೆಮಿ ಇದ್ದಾಳಲ್ಲ, ಅವಳ ಮಾತನ್ನು ಇವರೆಲ್ಲ ನಂಬುತ್ತಾರೆ ಎಂದು ಚರ್ಚಿನ ಸಭಾಂಗಣದ ಮೆಟ್ಟಿಲ ಮೇಲೆ ಅವಳ ಹೆಗಲು ತಟ್ಟಿದ. ಮುಖ್ಯ ಇಂಜಿನಿಯರ್ ಕುರ್ಚಿ ಖಾಲಿಯಾಗಿ ಎರಡು ತಿಂಗಳಾಗಿತ್ತು. ಅಂದಿನಿಂದಲೂ ಅವನು ಅವಳ ಮೂಗಿಗೆ ತುಪ್ಪ ಸವರುತ್ತಲೇ ಬಂದಿದ್ದ.

ಆ ಕುರ್ಚಿಗೆ ಅವಳಿಗಿಂತ ಲಾಯಕ್ಕಾದವರು ಯಾರಿದ್ದರು? ಹತ್ತನೇ ವಯಸ್ಸಿಗೆ ಅಮ್ಮನ ಜೊತೆ ದ್ರಾಕ್ಷಿ ಸಾಲುಗಳಲ್ಲಿ ಬಗ್ಗಿದವಳು, ಹಗಲು ಶೆಡ್ಡಿನಲ್ಲಿ ಪೆಟ್ಟಿಗೆಗೆ ಹಣ್ಣು ತುಂಬಿ ಸಂಜೆ ಕಾಲೇಜು ಓದಿದವಳು, ಮಂಡಳಿಯಲ್ಲಿ ಹದಿನೈದು ವರ್ಷ ಸವೆದವಳು. ಅವಳ ಹತ್ತಿರ ಕೆಲಸ ಕಲಿತ ಗಂಡಸರು ಮೂವರು ಈಗ ಅವಳ ತಲೆಯ ಮೇಲೆ ಕೂತಿದ್ದರು. ಆರು ವರ್ಷದಿಂದ ತೋಟದ ಕೂಲಿಗಳ ರೆಂಗ್ಲೋನ್ ಕಾಲೊನಿಯ ಸಮಿತಿಗೂ ಅವಳೇ ಅಧ್ಯಕ್ಷೆ. ಮಂಡಳಿಯವರು ಅವಳನ್ನು ಕಾಲೊನಿಯವಳು ಅನ್ನುತ್ತಿದ್ದರು, ಕಾಲೊನಿಯವರು ಮಂಡಳಿಯವಳು ಅನ್ನುತ್ತಿದ್ದರು. ಎರಡೂ ಬೈಗುಳವೇ.

ಹೊಲಗಳ ಗೊಬ್ಬರ ಇಳಿದು ಕಾಲೊನಿಯ ಬಾವಿಯಲ್ಲಿ ನೈಟ್ರೇಟ್ ಮಿತಿಯ ಎರಡರಷ್ಟಾಗಿತ್ತು. ಎಳೆಗೂಸುಗಳಿಗೆ ಅದು ವಿಷ. ಪರೀಕ್ಷೆ ಮಾಡಿದವಳು ನೊಯೆಮಿ. ಸಭೆಯವರೆಗೂ ಬಾಯಿ ಬಿಡಬೇಡ ಎಂದವನು ವಾಲ್ಡ್ರನ್. ಅವಳು ಬಿಟ್ಟಿರಲಿಲ್ಲ.

ಮುಂದಿನ ಸಾಲಿನಲ್ಲಿ ಮಡಿಲ ಮೇಲೆ ಚೀಲ ಇಟ್ಟುಕೊಂಡು ದೋನ್ಯಾ ಕೂಕಾ ಕೂತಿದ್ದಳು. ಬೀದಿಯವರೆಲ್ಲ ಗೌರವದಿಂದ ದೋನ್ಯಾ ಅನ್ನುತ್ತಿದ್ದ, ಎಪ್ಪತ್ತು ದಾಟಿದ ಈ ವಿಧವೆ ನೊಯೆಮಿಯನ್ನು ಹೆಸರು ಹಿಡಿದು ಕರೆದು ಎಷ್ಟೋ ವರ್ಷವಾಗಿತ್ತು. ಇಂಜಿನಿಯರಮ್ಮ ಎನ್ನುತ್ತಿದ್ದಳು, ಅದೂ ಮೂತಿ ತಿರುಗಿಸಿ.

ಕಾರಣ ಹಳೆಯದು. ನಮ್ಮಲ್ಲಿ ಯಾವ ಮನೆಯ ಮಗು ಮೊದಲು ಇಂಗ್ಲಿಷ್ ಕಲಿಯುತ್ತದೋ ಅದು ಇಡೀ ಬೀದಿಯ ಸೊತ್ತು. ಆಸ್ಪತ್ರೆಗೂ ಅದೇ, ಕೋರ್ಟಿಗೂ ಅದೇ. ಕೂಲಿ ಒಂದು ಸಿಹಿ ಬ್ರೆಡ್ಡು. ಅಂಥ ಮಕ್ಕಳೆಲ್ಲ ಮಾಡುವ ತಪ್ಪೂ ಒಂದೇ: ಕಹಿಯನ್ನು ತಾವು ನುಂಗಿ ಉಳಿದದ್ದನ್ನು ದೊಡ್ಡವರಿಗೆ ಕೊಡುತ್ತವೆ. ನೊಯೆಮಿಗೆ ಹನ್ನೊಂದಾಗಿದ್ದಾಗ ಡಾಕ್ಟರು ಕೂಕಾಳ ಗಂಡ ಲಾಸಾರೊನಿಗೆ ಕಾಲು ಗಂಟೆ ಏನೇನೋ ಹೇಳಿದರು. ಅವಳು ಹೇಳಿದ್ದು ಇಷ್ಟು: ವಿಶ್ರಾಂತಿ ತಗೋಬೇಕಂತೆ. ಹತ್ತು ವಾರಕ್ಕೆ ಅವನು ಸತ್ತ. ಮೆಕ್ಸಿಕೋದ ಮಿಚೋಕಾನಿನಲ್ಲಿದ್ದ ಅವನ ತಾಯಿಗೆ ಸುದ್ದಿ ಹೋದದ್ದು ಫೋನಿನಲ್ಲಿ. ಆಸ್ಪತ್ರೆಯ ಕಾಗದಗಳನ್ನು ಕೂಕಾಳ ಮಗಳು ಓದಿ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ವಾಲ್ಡ್ರನ್ ಐದು ನಿಮಿಷ ಬೆಣ್ಣೆಯಂಥ ಮಾತಾಡಿದ. ಆಮೇಲೆ ಮೈಕಿಗೆ ಅಂಗೈ ಅಡ್ಡ ಹಿಡಿದು ಅವಳ ಕಿವಿಯಲ್ಲಿ, ಅಂಕಿ ಸಂಖ್ಯೆ ಬೇಡ, ಹೆದರಿದವರು ಕುದಿಸಿಕೊಳ್ಳಲಿ, ಹೇಗೂ ಇವರ ಒಲೆ ಮೇಲೆ ಮೂರು ಹೊತ್ತೂ ಬೀನ್ಸ್ ಕುದಿಯುತ್ತಲೇ ಇರುತ್ತದಲ್ಲ ಎಂದು ನಕ್ಕ.

ನೊಯೆಮಿಯ ಮೈ ಉರಿಯಿತು. ಆದರೂ ಬಾಯಿಂದ ಬಂದದ್ದು ಹಳೆಯ ಅಭ್ಯಾಸವೇ. ನೀರಿನ ಪರೀಕ್ಷೆ ನಡೆಯುತ್ತಿದೆ, ಗಾಬರಿ ಬೇಡ ಎಂದಳು.

ದೋನ್ಯಾ ಕೂಕಾ ಎದ್ದು ನಿಂತಳು. "ಅವನು ಅಷ್ಟುದ್ದ ಮಾತಾಡ್ದ, ನೀನು ಇಷ್ಟೇ ಹೇಳ್ತೀಯಲ್ಲ, ಇಂಜಿನಿಯರಮ್ಮ. ನನ್ನ ಲಾಸಾರೊಗೂ ಹಿಂಗೇ ಹೇಳಿದ್ದೆ. ಆವಾಗ ನೀನು ಮಗು. ಈಗೇನು ರೋಗ ನಿಂಗೆ?"

ಹಿಂದಿನಿಂದ ಯಾರೋ, ಅವರ ಉಪ್ಪು ತಿಂದವಳು ಎಂದರು. ಯಾರೋ ನಕ್ಕರು. ಆ ಮುದುಕಿಯ ಮೇಲೆ, ಪಕ್ಕದಲ್ಲಿ ಹಲ್ಲು ಬಿಡುತ್ತಿದ್ದ ಗಂಡಸಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ನಾಲಗೆಯ ಮೇಲೆ ನೊಯೆಮಿಗೆ ಎಲ್ಲಿಲ್ಲದ ಸಿಟ್ಟು ಬಂತು. ಮೈಕನ್ನು ಕಿತ್ತುಕೊಂಡಳು. ಅವನ ಐದು ನಿಮಿಷದ ಮಾತನ್ನು ಒಂದೂ ಬಿಡದೆ ಹೇಳಿದಳು. ಅಂಕಿ ಹೇಳಿದಳು.

"ಇನ್ನು ಮೈಕು ಮುಚ್ಚಿ ಕಿವೀಲಿ ಹೇಳಿದ್ದು ಕೇಳಿ. ಅಂಕಿ ಹೇಳ್ಬೇಡ ಅಂದ್ರು. ಹೆದರಿದ್ರೆ ಕುದಿಸ್ಕೊಳ್ಳಲಿ ಅಂದ್ರು. ಕುದಿಸ್ಬೇಡಿ. ಕುದಿಸಿದ್ರೆ ನೀರು ಆವಿ ಆಗುತ್ತೆ, ವಿಷ ಉಳಿಯುತ್ತೆ. ಕೂಸುಗಳಿಗೆ ಒಂದು ಹನೀನೂ ಕೊಡ್ಬೇಡಿ."

ವಾಲ್ಡ್ರನ್‌ಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಎಂಬತ್ತು ತಲೆಗಳು ಒಟ್ಟಿಗೆ ತನ್ನ ಕಡೆ ತಿರುಗಿದಾಗ ಅರ್ಥವಾಯಿತು. ಹಲ್ಲು ಕಚ್ಚಿ ಏನೋ ಹೇಳಿದ. ನೊಯೆಮಿ ಅದನ್ನೂ ಸಭೆಗೆ ದಾಟಿಸಿದಳು: ಸೋಮವಾರ ನಾನು ಆಫೀಸಿನ ಬೀಗದ ಕೈ ತಂದುಕೊಡಬೇಕಂತೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿನಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದರು. ಒಂಬತ್ತು ದಿನದಿಂದ ಎಂದಳು. ಒಬ್ಬ ಎಳೆ ಬಾಣಂತಿ ಆ ನೀರಲ್ಲೇ ಕಲಸಿದ್ದ ಮಗುವಿನ ಬಾಟಲಿಯ ಹಾಲನ್ನು ಅವಳ ಕಾಲ ಬಳಿಯೇ ಸುರಿದು ಹೊರಟುಹೋದಳು.

ಸಭಾಂಗಣ ಖಾಲಿಯಾದ ಮೇಲೂ ದೋನ್ಯಾ ಕೂಕಾ ಬಾಗಿಲಲ್ಲಿ ನಿಂತಿದ್ದಳು.

"ಡಾಕ್ಟರು ಮೂರು ತಿಂಗಳು ಅಂದಿದ್ರು," ಎಂದಳು ನೊಯೆಮಿ. "ಊರಿಂದ ಅವರಮ್ಮನ್ನ ಕರೆಸಿ ಅಂದಿದ್ರು, ದೋನ್ಯಾ ಕೂಕಾ. ನಂಗೆ ಹೇಳೋಕೆ ಬಾಯಿ ಬರ್ಲಿಲ್ಲ."

"ಗೊತ್ತು. ನಿನ್ನ ಬಾಯಿಂದಾನೇ ಬರ್ಲಿ ಅಂತ ಕಾದೆ. ಕ್ಷಮಿಸ್ಬಿಟ್ಟೆ ಅಂದ್ಕೋಬೇಡ." ಮುದುಕಿ ಚೀಲವನ್ನು ತೋಳಿಗೇರಿಸಿದಳು. "ಮಂಗಳವಾರ ಒಂಬತ್ತಕ್ಕೆ ಕಿಡ್ನಿ ಡಾಕ್ಟರ ಹತ್ರ ಹೋಗ್ಬೇಕು. ನಿಂಗೆ ಹೆಂಗೂ ಕೆಲಸ ಇರಲ್ಲ, ಬಾ."

ಯಾವಾಗಲೂ ಮೊಮ್ಮಗಳು ತಾನೇ ಜೊತೆಗೆ ಹೋಗುವುದು ಎಂದು ನೊಯೆಮಿ ಕೇಳಿದಳು.

"ಅವಳಿಗೆ ಹನ್ನೊಂದು," ಎಂದಳು ದೋನ್ಯಾ ಕೂಕಾ.